ಆಮೆನ್ ಬಿದ್ದ ಓಟು

ನಮ್ಮ ಪಾಪಮ್ಮಜ್ಜಿ ಚರ್ಚಿನಲ್ಲಿ ಆಮೆನ್ ಅನ್ನುತ್ತಿರಲಿಲ್ಲ. ಹಾಡುತ್ತಿದ್ದಳು, ಮೊಣಕಾಲೂರುತ್ತಿದ್ದಳು, ಕಾಣಿಕೆ ಚೀಲ ಬಂದರೆ ಸೆರಗಿನ ಗಂಟು ಬಿಚ್ಚುತ್ತಿದ್ದಳು. ಆದರೆ ಪ್ರಾರ್ಥನೆ ಮುಗಿದು ಇಡೀ ಸಭೆ ಹೆಂಚು ಅದುರುವ ಹಾಗೆ ಆಮೆನ್ ಅಂದಾಗ ಅವಳ ತುಟಿ ಮಾತ್ರ ಅಲ್ಲಾಡುತ್ತಿರಲಿಲ್ಲ. ಇನ್ನೊಂದು ವಿಷಯ, ಅವಳು ಬಾಗಿಲ ಹತ್ತಿರ ಕೂರುತ್ತಿರಲಿಲ್ಲ. ಹೆಂಗಸರ ಕಡೆಯ ಚಾಪೆಯ ತೀರಾ ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಣ್ಣಿಗೆ ಕಾಣುವ ಹಾಗೆ ಕೂರುತ್ತಿದ್ದಳು. ಹೊರಗೆ ಯಾರದಾದರೂ ಹೆಜ್ಜೆ ಸದ್ದಾಯಿತೋ, ಬೈಬಲ್ ಪ್ರಸಂಗ ಎಲ್ಲಿಗೇ ಬಂದಿರಲಿ, ಅವಳ ಕತ್ತು ತಟ್ಟನೆ ಆ ಕಡೆ ತಿರುಗುತ್ತಿತ್ತು.

ಚಿಕ್ಕವಳಿದ್ದಾಗ ನಾನು ಇದನ್ನೆಲ್ಲ ಅಜ್ಜಿಯ ಚಾಳಿ ಅಂದುಕೊಂಡಿದ್ದೆ. ಎರಡು ಸಾವಿರದ ಐದರಲ್ಲಿ, ಮೈಸೂರಿನ ಕಾಲೇಜಿಗೆ ಸ್ಟಡಿ ಹಾಲಿಡೇಸ್ ಕೊಟ್ಟಾಗ, ಪೊಲಿಟಿಕಲ್ ಸೈನ್ಸ್ ಪುಸ್ತಕಗಳನ್ನೆಲ್ಲ ಬ್ಯಾಗಿಗೆ ತುರುಕಿಕೊಂಡು ಅವಳ ಊರಿಗೆ ಹೋದೆನಲ್ಲ, ಆಗ ಗೊತ್ತಾಯಿತು ನೋಡಿ, ಅದು ಚಾಳಿಯಲ್ಲ ಭಯ ಅಂತ. ಆ ಭಯದ ಕಥೆ ಎಷ್ಟು ವಿಚಿತ್ರವಾಗಿತ್ತು, ಎಷ್ಟು ಚೆನ್ನಾಗಿತ್ತು ಅಂದರೆ, ಪುಸ್ತಕದ ಬ್ಯಾಗು ಹಾಗೇ ಮೂಲೆಯಲ್ಲಿ ಕೂತಿತು. ನಾನು ಅಜ್ಜಿಯ ಬಾಯಿ ನೋಡುತ್ತಾ ಕೂತೆ.

ಪಾಪಮ್ಮ ನನ್ನ ಸ್ವಂತ ಅಜ್ಜಿಯ ಅಕ್ಕ. ಅವಳ ಊರು ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ, ನಾಲೆ ದಾಟಿದರೆ ಸಿಗುವ ಹುಣಸೆಕಟ್ಟೆ. ಅಲ್ಲಿ ಕ್ರೈಸ್ತರದ್ದು ಒಂದೇ ಬೀದಿ, ಮಿಷನ್ ಬೀದಿ. ಅದರ ಬೆನ್ನಿಗೆ ಹೊಸಬೀದಿ. ಎರಡೂ ಬೀದಿಯವರು ಮುತ್ತಾತಂದಿರ ಕಾಲದಲ್ಲಿ ಒಂದೇ ಜನ. ಒಬ್ಬರು ಚರ್ಚಿಗೆ ಬಂದರು, ಇನ್ನೊಬ್ಬರು ಬರಲಿಲ್ಲ, ಅಷ್ಟೇ ವ್ಯತ್ಯಾಸ. ನಂಜನಗೂಡಿನ ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಬಂದು ಆರಾಧನೆ ನಡೆಸುತ್ತಿದ್ದರು. ಮಿಕ್ಕ ಭಾನುವಾರಗಳೆಲ್ಲ ಸಭೆಯ ಹಿರಿಯನ ಕೈಯಲ್ಲಿ.

ಆ ಬೀದಿಗೆ ಒಂದು ಪದ್ಧತಿ ಇತ್ತು. ಮದುವೆ ಗೊತ್ತಾಗಲಿ, ಅಣ್ಣತಮ್ಮಂದಿರ ಜಗಳ ಮುಗಿಯಲಿ, ಯಾರಾದರೂ ಕುಡಿತ ಬಿಡಲಿ, ಬಾಂಡ್ ಪೇಪರ್ ಇಲ್ಲ, ಸಾಕ್ಷಿ ಇಲ್ಲ. ಹಿರಿಯ ಅದನ್ನು ಪ್ರಾರ್ಥನೆಯೊಳಗೆ ಸೇರಿಸಿ ಹೇಳಬೇಕು, ಎಲ್ಲರೂ ಆಮೆನ್ ಅನ್ನಬೇಕು. ‘ಆಮೆನ್ ಬಿದ್ದಿದೆ’ ಅಂದರೆ ಮುಗಿಯಿತು, ಆ ಮಾತನ್ನು ಇನ್ನು ಯಾರೂ ಮುರಿಯುವ ಹಾಗಿಲ್ಲ. ಮುರಿದರೆ ಏನಾಗುತ್ತದೆ ಅನ್ನುವುದಕ್ಕೆ ರಜೆಗೆ ಅಲ್ಲಿಗೆ ಹೋದಾಗ ಸಂಡೇ ಸ್ಕೂಲಿನಲ್ಲಿ ನಮಗೆಲ್ಲ ಒಂದು ಕಥೆ ಹೇಳಿಕೊಡುತ್ತಿದ್ದರು. ಮೊಟ್ಟಮೊದಲ ಕಾಲದ ಸಭೆಯಲ್ಲಿ ಗಂಡ ಹೆಂಡತಿ ಸೇರಿಕೊಂಡು ದೇವರ ಮುಂದೆ ಸುಳ್ಳಾಡುತ್ತಾರೆ. ಗಂಡ ನಿಂತಲ್ಲೇ ಬಿದ್ದು ಸಾಯುತ್ತಾನೆ. ಅದು ಗೊತ್ತಿಲ್ಲದ ಹೆಂಡತಿ ಆಮೇಲೆ ಬಂದು ಅದೇ ಸುಳ್ಳು ಹೇಳುತ್ತಾಳೆ. ಆಗ ಅವಳಿಗೆ ಉತ್ತರ ಸಿಗುತ್ತದೆ: ನಿನ್ನ ಗಂಡನನ್ನು ಹೂಳಿ ಬಂದವರ ಕಾಲು ಬಾಗಿಲಲ್ಲೇ ಇದೆ, ನಿನ್ನನ್ನೂ ಹೊತ್ತುಕೊಂಡು ಹೋಗುತ್ತದೆ. ನಾವು ಮಕ್ಕಳು ಆ ಕಥೆ ಕೇಳಿ ಬಾಗಿಲ ಕಡೆ ನೋಡಿಕೊಂಡು ಕಿಸಿಕಿಸಿ ನಗುತ್ತಿದ್ದೆವು. ಅಜ್ಜಿ ನಗುತ್ತಿರಲಿಲ್ಲ.

ಆ ಸಲ ನಾನು ಹೋದಾಗ ಗ್ರಾಮ ಪಂಚಾಯ್ತಿ ಚುನಾವಣೆಯ ಗಲಾಟೆ. ಮೈಕು ಕಟ್ಟಿದ ಆಟೋಗಳು ಓಣಿಯೊಳಗೆ ನುಗ್ಗಿ ತಿರುಗಿಸಲಾಗದೆ ಒದ್ದಾಡುತ್ತಿದ್ದವು. ಅಜ್ಜಿಯ ವಾರ್ಡಿನಲ್ಲಿ ನಿಂತಿದ್ದವರು ಇಬ್ಬರೇ. ಏಣಿ ಗುರುತಿನ ನಾಗಯ್ಯ, ಮೇಲುಜಾತಿಯವರ ದೊಡ್ಡಬೀದಿಯವನು, ಟ್ರಾಕ್ಟರ್ ಇಟ್ಟವನು. ಹೊಲಿಗೆ ಮಿಷನ್ ಗುರುತಿನ ಮಂಗಳಮ್ಮ, ಹೊಸಬೀದಿಯವಳು.

ಮಧ್ಯಾಹ್ನ ಅಜ್ಜಿಯೂ ನಾನೂ ಜಗುಲಿಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದಾಗ ಸಭೆಯ ಹಿರಿಯ ದಾನಪ್ಪ ಬಂದ. ಅಜ್ಜಿಯ ಗಂಡ ದೇವಯ್ಯಜ್ಜನಿಗೆ ವರಸೆಯಲ್ಲಿ ತಮ್ಮ. ಅಜ್ಜ ತೀರಿಕೊಂಡ ಮೇಲೆ ಹಿರಿತನ ಇವನಿಗೆ ಬಂದಿತ್ತು.

“ಅತ್ತಿಗಮ್ಮಾ, ಈ ಭಾನ್ವಾರ ಪ್ರಾರ್ಥನೆ ನೀವೇ ಮಾಡ್ಬೇಕು,” ಅಂದ.

“ನಾನಾ? ಯಾಕಪ್ಪ, ನಿನ್ ಗಂಟ್ಲು ಕಟ್ಕಂಡದಾ?”

“ತಮಾಸೆ ಬುಡಿ. ನನ್ ಪ್ರಾರ್ಥನೆಗೆ ಎಂಗಸ್ರೆಲ್ಲ ಆಮೆನ್ ಅಂತರೆ, ಓಟು ಮಾತ್ರ ಎಲ್ಲೆಲ್ಲಿಗೋ ಓಯ್ತದೆ. ನೀವು ದೇವಯ್ಯಣ್ಣನ್ ಎಂಡ್ತಿ. ನಿಮ್ ಬಾಯಿಂದ ನಾಗಯ್ಯನ್ ಎಸ್ರು ಬಂದ್ರೆ ಆ ಆಮೆನ್ನ ಯಾರೂ ಮುರಿಯಕಿಲ್ಲ.”

ಅಜ್ಜಿಯ ಬೆರಳು ಕಾಳಿನ ಮೇಲೆ ನಿಂತಿತು.

“ಓದ್ಸಲಾನೂ ಅವ್ನು ಸಮಾಧಿ ಜಾಗುಕ್ಕೆ ಗೋಡೆ ಕಟ್ಟುಸ್ತೀನಿ ಅಂದಿದ್ದ. ಒಂದ್ ಲೋಡು ಕಲ್ಲು ಸುರ್ದ. ಆ ಕಲ್ಲಿನ ಮ್ಯಾಲೆ ಈಗ ಓತಿಕ್ಯಾತ ಬಿಸ್ಲು ಕಾಯಿಸ್ಕಂಡ್ ಕುಂತದೆ,” ಅಂದಳು.

“ಈ ಸಲ ಕಟ್ಟುಸ್ತಾನೆ. ನೋಡಿ ಅತ್ತಿಗಮ್ಮ, ನಾವಿರೋದೇ ಒಂದಿಡಿ ಜನ. ಚದುರ್ಕಂಡ್ರೆ ನಮ್ನ ಯಾರು ಲೆಕ್ಕಕ್ ಇಡ್ತರೆ? ಒಟ್ಗಿದ್ರೇನೇ ಒಂದ್ ಗೋಡೆ, ಒಂದ್ ಬೋರು.”

ನಿಜ ಹೇಳಬೇಕೆಂದರೆ ಅವನ ಮಾತು ನನಗೂ ಸರಿ ಅನ್ನಿಸಿತು. ನನ್ನ ಪುಸ್ತಕದಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ ಗಂಭೀರವಾದ ಹೆಸರುಗಳೇ ಇದ್ದವು. ಆದರೆ ದಾನಪ್ಪ ಎದ್ದು ಹೋಗುವಾಗ ತಿರುಗಿ ನಿಂತು ಮೆಲ್ಲಗೆ ಒಂದು ಮಾತು ಹೇಳಿದನಲ್ಲ, ಅದಕ್ಕೆ ಯಾವ ಪುಸ್ತಕದಲ್ಲೂ ಹೆಸರಿರಲಿಲ್ಲ.

“ದೇವಯ್ಯಣ್ಣ ಬೇಡ್ಕಂಡಿದ್ದೂ ಇದೇ ಗೋಡೆಗೆ ತಾನೆ? ಅವ್ರ ಪ್ರಾರ್ಥನೆ ಅರ್ಧಕ್ಕೇ ನಿಂತದೆ. ನೀವು ಅದುನ್ನ ಮುಗಿಸ್ಬುಡಿ. ಅವ್ರಿಗೂ ನೆಮ್ದಿ, ನಿಮ್ಗೂ ನೆಮ್ದಿ.”

ಅವನು ಹೋದ ಮೇಲೆ ಅಜ್ಜಿ ಹಿದುಕಿದ ಕಾಳನ್ನೇ ಮತ್ತೆ ಹಿದುಕಿದಳು. ಆಮೇಲೆ ಕೇಳಿದಳು: “ಕೂಸೇ, ಅವ್ನಿಗೆ ಗೊತ್ತಿರ್ಬೋದಾ?”

“ಏನಜ್ಜಿ?”

ಆಗ ಹೇಳಿದಳು. ಹನ್ನೆರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಕಾಳು ಹಿದುಕುತ್ತಾ ಹಿದುಕುತ್ತಾ ಹೇಳಿದಳು.

ಅವಳಿಗೂ ದೇವಯ್ಯಜ್ಜನಿಗೂ ಒಂದು ಮಗು ಹುಟ್ಟಿತ್ತಂತೆ. ಹೆಸರಿಡುವ ಮೊದಲೇ ಹೋಯಿತು. ಅದನ್ನು ಸಮಾಧಿ ಜಾಗದ ಅಂಚಿನಲ್ಲಿ ಇಟ್ಟರು. ಅಲ್ಲಿಗೆ ಬೇಲಿಯಿಲ್ಲ, ಗೋಡೆಯಿಲ್ಲ. ಪಕ್ಕದ ಹೊಲದವರ ನೇಗಿಲು ವರ್ಷವರ್ಷವೂ ಒಂದೊಂದು ಸಾಲು ಒಳಗೆ ಬರುತ್ತಿತ್ತು. ದೇವಯ್ಯಜ್ಜ ಸಂಜೆ ಹೊತ್ತು ಗುದ್ದಲಿ ಹಿಡಿದು ಹೋಗಿ ಆ ಸಾಲಿನ ಮಣ್ಣನ್ನು ಹಿಂದಕ್ಕೆ ಎಳೆದುಹಾಕಿ ಬರುತ್ತಿದ್ದ. ಅದಕ್ಕೇ ತೊಂಬತ್ತಮೂರರ ಪಂಚಾಯ್ತಿ ಚುನಾವಣೆಯಲ್ಲಿ, ಆಗಲೂ ಇದೇ ಇಬ್ಬರು, ಇದೇ ಗುರುತು, ನಾಗಯ್ಯ ಬಂದು ಗೋಡೆಯ ಮಾತಾಡಿದಾಗ ಅಜ್ಜನಿಗೆ ಬೇರೆ ಏನೂ ಕಾಣಲಿಲ್ಲ. ಭಾನುವಾರ ಪ್ರಾರ್ಥನೆಯ ನಡುವೆ, ಮಳೆ ಬೆಳೆ ರೋಗಿಗಳು ಎಲ್ಲ ಮುಗಿದ ಮೇಲೆ, ‘ನಾಗಯ್ಯನಿಗೆ ಜಯ ಕೊಡು ಕರ್ತನೇ, ನಮ್ಮೆಲ್ಲರ ಓಟು ಅವನಿಗೆ’ ಅಂದುಬಿಟ್ಟ. ಸಭೆ ರೂಢಿಯಂತೆ ಆಮೆನ್ ಅಂದಿತು. ಅಜ್ಜಿಯೂ ಅಂದಳು.

“ಅಂದ್ಮೇಲೆ ತಿಳೀತು ಏನಕ್ಕಂದೆ ಅಂತ,” ಅಂದಳು ಅಜ್ಜಿ. “ಆ ವರ್ಸ ನಮ್ ಬೀದಿ ಬೋರು ಕೆಟ್ಟು ನಿಂತಿತ್ತು. ದೊಡ್ಬೀದೀಲಿ ನಮ್ಗೆ ಕೊಡ ಇಡಕ್ಕೆ ಬುಡ್ತಿರ್ಲಿಲ್ಲ. ಮಂಗಳಿ ಅವ್ಳ ಬೀದಿ ಬೋರಿನ್ ತಾವ ಸೊಂಟುಕ್ ಕೈ ಕೊಟ್ಕಂಡ್ ನಿಂತು, ‘ಮೊದ್ಲು ಮಿಷನ್ ಬೀದಿಯೋರು ತುಂಬ್ಕಳ್ಳಿ, ಆಮ್ಯಾಕೆ ನಾವು’ ಅನ್ನೋಳು. ಅವ್ರೋರೇ ಬೈಯೋರು ಅವ್ಳುನ್ನ. ಓಟಾಕಕ್ ಓದಾಗ ಚೀಟಿ ಮ್ಯಾಲೆ ಆ ಒಲಿಗೆ ಮಿಷನ್ ನೋಡ್ದೆ ಕೂಸೇ. ನಮ್ ಕೂಸಿನ ಗುಂಡೀನೂ ನೆಪ್ಪಾಯ್ತು, ಅವ್ಳ ಬೋರೂ ನೆಪ್ಪಾಯ್ತು. ಕೈ ಅದಾಗದೇ ಓಗಿ ಅಲ್ಲೇ ಸೀಲು ಒತ್ತುಬುಡ್ತು.”

ಮಂಗಳಮ್ಮ ಗೆದ್ದಳು. ಗೋಡೆ ಬರಲಿಲ್ಲ. ಯುಗಾದಿ ಇನ್ನೂ ಮುಂದಿರುವಾಗಲೇ ಒಂದು ಸಂಜೆ ದೇವಯ್ಯಜ್ಜ ಗುದ್ದಲಿ ಹಿಡಿದು ಹೋದವನು ಆ ನೇಗಿಲ ಸಾಲಿನ ಮೇಲೇ ಬಿದ್ದ. ಏಳಲಿಲ್ಲ. ಮಿಷನ್ ಬೀದಿಯ ಗಂಡಸರೆಲ್ಲ ಟಿ. ನರಸೀಪುರದ ಕಡೆ ಕಬ್ಬು ಕಡಿಯಲು ಹೋಗಿದ್ದರು. ಅಜ್ಜನ ಪೆಟ್ಟಿಗೆಗೆ ಹೆಗಲು ಕೊಟ್ಟದ್ದು ಹೊಸಬೀದಿಯವರು, ಮಂಗಳಮ್ಮನ ಗಂಡ ದೊಡ್ಡಮಾದಯ್ಯ ಮತ್ತು ಅವನ ಕಡೆಯವರು. ಹೂಳಿ ಬಂದು ಅಜ್ಜಿಯ ಮನೆಯ ಬಾಗಿಲಲ್ಲಿ ಕಾಲು ತೊಳೆದುಕೊಂಡರು.

“ಸುಳ್ಳಾಡಿದ್ದು ನಾನು, ಸತ್ತಿದ್ದು ಅವ್ರು. ಬಾಕಿ ಇರೋದು ನಾನೇ,” ಅಂದಳು ಅಜ್ಜಿ, ನಾಳೆ ಸಂತೆ ಇದೆ ಅನ್ನುವ ಹಾಗೆ. “ಅವತ್ನಿಂದ ಆ ಕಾಲ್ ಸದ್ದು ಕೇಳ್ತದೆ. ಬತ್ತದೆ, ಬಾಗ್ಲು ತಾವ ನಿಂತ್ಕತದೆ, ಒಳಕ್ ಬರಕಿಲ್ಲ. ಎಲೆಕ್ಷನ್ ಬಂದ್ರೆ ನಮ್ಮನೆಯವ್ರೂ ಬತ್ತರೆ. ಗಂಡಸ್ರ ಕಡೆ ಎರಡ್ನೇ ಕಿಟ್ಕಿ ಕೆಳ್ಗೆ ಕುಂತ್ಕಂಡು ನನ್ ಬಾಯ್ನೇ ನೋಡ್ತರೆ. ಆಮೆನ್ ಅಂತೀನೋ ಇಲ್ವೋ ಅಂತ.”

ಎರಡು ಸಾವಿರದ ಚುನಾವಣೆ ಬಂದಾಗ ಅವಳು ಹುಷಾರಿಲ್ಲ ಅಂತ ನಮ್ಮ ಮನೆಗೆ ಬಂದು ಕೂತದ್ದು ನನಗೆ ಜ್ಞಾಪಕ ಬಂತು. ಹುಷಾರಾಗೇ ಇದ್ದಳು. ನಾಗಯ್ಯ ಗೆದ್ದು, ಕಲ್ಲು ಸುರಿದ ಮೇಲೆಯೇ ಅವಳು ಊರಿಗೆ ವಾಪಸ್ಸು ಹೋದದ್ದು.

ನಾನು ಉಸಿರು ಬಿಡದೆ ಶುರು ಮಾಡಿದೆ. “ಅಜ್ಜಿ, ಅದು ಸೀಕ್ರೆಟ್ ಬ್ಯಾಲೆಟ್! ನಿನ್ನ ಓಟು ನಿನ್ನ ರೈಟು! ಯಾರೂ ಕೇಳೋ ಹಾಗೇ ಇಲ್ಲ, ನೀನು ಯಾರಿಗೂ ಹೇಳಬೇಕಾಗಿಲ್ಲ!”

“ಗುಟ್ಟು ನಾಗಯ್ಯನಿಗೆ ಕಣ್ ಕೂಸೇ. ಮ್ಯಾಲಿರೋನಿಗೆ ಎಂಥದ್ ಗುಟ್ಟು?”

ಇನ್ನೊಂದು ಹಿಡಿ ಕಾಳು ಎಳೆದುಕೊಂಡು ಅವಳೇ ಮುಂದುವರಿಸಿದಳು. “ದಾನಪ್ಪ ಏಳ್ದಂಗೆ ಮಾಡ್ಬುಟ್ರೆ ಸರ್ಯಾಗ್ಬೋದೇನೋ. ಅವ್ರು ಬೇಡಿದ್ದನ್ನೇ ನಾನೂ ಬೇಡಿ, ಈ ಸಲ ಏಣಿಗೇ ಒತ್ತುಬುಟ್ರೆ, ಆ ಕಾಲ್ಗೋಳು ಒಂಟೋಗ್ಬೋದೇನೋ.”

“ನಿನಗೆ ಏಣಿಗೆ ಹಾಕೋ ಮನಸ್ಸಿದೆಯಾ?”

“ಮನ್ಸು ಯಾರ್ ಕೇಳ್ತರೆ? ನಿದ್ದೆ ಬೇಕು ನಂಗೆ.”

ಭಾನುವಾರ ಚರ್ಚು ತುಂಬಿತ್ತು. ಅಯ್ಯನವರು ಬರುವ ವಾರವಲ್ಲ. ಹೋದ ತಿಂಗಳು ಬಂದಿದ್ದಾಗ ಅವರು, ಓಟು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು ಅಂತ ಹೇಳಿಯೇ ಹೋಗಿದ್ದರಂತೆ. ಆದರೆ ಅಯ್ಯನವರು ನಂಜನಗೂಡಿನಲ್ಲಿ, ದಾನಪ್ಪ ಇಲ್ಲಿ. ಹೆಂಗಸರ ಕಡೆ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡರೂ ಜಾಗ ಸಾಲದು. ಗಂಡಸರ ಕಡೆಯೂ ಭುಜಕ್ಕೆ ಭುಜ. ಆದರೆ ನೋಡಿ, ಎರಡನೇ ಕಿಟಕಿಯ ಕೆಳಗೆ ಚಾಪೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ತಡವಾಗಿ ಬಂದವರು ಹಿಂದೆ ಗೋಡೆಗೊರಗಿ ನಿಂತರೇ ಹೊರತು ಅಲ್ಲಿ ಯಾರೂ ಕೂರಲಿಲ್ಲ. ಯಾಕೆ ಕೂರಲಿಲ್ಲ ಅಂತ ಕೇಳಿದರೆ ಅವರಿಗೂ ಗೊತ್ತಿರುತ್ತಿರಲಿಲ್ಲ.

ದಾನಪ್ಪ ಹೇಳಿದ: “ಈಗ ದೇವಯ್ಯಣ್ಣನ ಮನೆಯವ್ರು ಪ್ರಾರ್ಥನೆ ಮಾಡ್ತರೆ.”

ಅಜ್ಜಿ ಎದ್ದು ನಿಂತಳು. ಸೆರಗು ತಲೆಗೆ ಹೊದ್ದಳು. ಆ ಕಿಟಕಿಯ ಕಡೆ ಒಂದು ಸಲ ನೋಡಿದಳು, ಕಣ್ಣು ಮುಚ್ಚಿದಳು. ಮಳೆಗೆ, ಬೆಳೆಗೆ, ಆಸ್ಪತ್ರೆಯಲ್ಲಿದ್ದವರಿಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ ಪ್ರಾರ್ಥಿಸಿದಳು. “ಕರ್ತನೇ, ಈ ಎಲೆಕ್ಷನ್ನಲ್ಲಿ...” ಅಂದಳು. ನಿಂತಳು.

ಹೊರಗೆ ಹೆಜ್ಜೆ ಸದ್ದು.

ಒಬ್ಬರದಲ್ಲ. ಮಣ್ಣಿನ ಮೇಲೆ ಬರಿಗಾಲು, ಆಮೇಲೆ ಮೆಟ್ಟಿಲ ಕಲ್ಲಿನ ಮೇಲೆ. ಬಾಗಿಲಲ್ಲಿ ಬಂದು ನಿಂತಿತು. ಅಜ್ಜಿಯ ಕಣ್ಣು ಮುಚ್ಚಿಯೇ ಇತ್ತು, ಮುಖ ಬೂದಿಯಾಗಿತ್ತು, ನಾನು ಅವಳು ಬೀಳುತ್ತಾಳೆ ಅಂತ ಕೈ ಚಾಚಿದೆ. ನಾನೂ ಬಾಗಿಲ ಕಡೆ ನೋಡಲು ಹೆದರಿದ್ದೆ.

“ಪಾಪಕ್ಕಾ,” ಅಂತ ಯಾರೋ ಕರೆದರು.

ಮಂಗಳಮ್ಮ! ಚಪ್ಪಲಿ ಹೊರಗೆ ಬಿಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು, ಹಿಂದೆ ಗಂಡ ದೊಡ್ಡಮಾದಯ್ಯನನ್ನೂ ಅವನ ತಮ್ಮನನ್ನೂ ನಿಲ್ಲಿಸಿಕೊಂಡು ಹೊಸ್ತಿಲ ಆಚೆ ನಿಂತಿದ್ದಳು.

“ನಾಗಯ್ಯನ್ ಎಸ್ರು ಇಕ್ಕಿ ಪ್ರಾರ್ಥನೆ ಮಾಡ್ತಿದ್ದೀರಂತೆ. ನನ್ನೆಸ್ರೂ ಸೇರ್ಸ್ಕಳ್ರವ್ವ. ನಿಮ್ ದೇವ್ರಿಗೆ ನಾನೇನ್ ಮಾಡಿದ್ದೀನಿ?”

ಹೆಂಗಸರ ಕಡೆ ಯಾರೋ ಪಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ದಾನಪ್ಪ ಎದ್ದ. “ಮಂಗಳಮ್ಮ, ಇದು ಆರಾಧನೆ ಓತ್ತು, ಆಮ್ಯಾಲ್ ಮಾತಾಡ್ಮ...”

ಅಜ್ಜಿ ಕಣ್ಣು ಬಿಟ್ಟು ನೋಡುತ್ತಿದ್ದಳು, ಅವಳ ಮುಖವನ್ನಲ್ಲ, ಕಾಲನ್ನು. ಮಂಗಳಮ್ಮನ ಕಾಲು, ದೊಡ್ಡಮಾದಯ್ಯನ ಕಾಲು. ಧೂಳು ಮೆತ್ತಿದ, ಹಿಮ್ಮಡಿ ಒಡೆದ, ಅಜ್ಜನನ್ನು ಹೂಳಿ ಬಂದ ಕಾಲುಗಳು. ನಿಜವಾಗಿಯೂ ಬಾಗಿಲಲ್ಲೇ ಇದ್ದವು. ಅವಳನ್ನು ಹೊತ್ತುಕೊಂಡು ಹೋಗುವುದಕ್ಕಲ್ಲ, ಒಂದು ಪ್ರಾರ್ಥನೆ ಕೇಳುವುದಕ್ಕೆ ಬಂದಿದ್ದವು.

“ಬಾ ಮಂಗಳಿ, ಒಳಕ್ ಬಾ,” ಅಂದಳು ಅಜ್ಜಿ. “ನಿಮ್ ಕಾಲ್ ಸದ್ದು ಕೇಳೀ ಕೇಳೀ ಸಾಕಾಗಿತ್ತು.”

ಆ ಮಾತು ಅಲ್ಲಿ ಅರ್ಥವಾದದ್ದು ನನಗೊಬ್ಬಳಿಗೆ. ಮಿಕ್ಕದ್ದು ಎಲ್ಲರಿಗೂ ಅರ್ಥವಾಯಿತು, ಯಾಕೆಂದರೆ ಅಜ್ಜಿ ಅದೇ ಉಸಿರಿಗೆ, “ನಂದೊಂದು ಮಾತದೆ, ಎಲ್ಲಾರೂ ಕೇಳಿ. ನಮ್ಮನೆಯವ್ರು ನಾಗಯ್ಯನ್ ಎಸ್ರು ಏಳಿ ಪ್ರಾರ್ಥನೆ ಮಾಡ್ದಾಗ ನಾನು ಆಮೆನ್ ಅಂದು, ಓಗಿ ಇವ್ಳಿಗೆ ಓಟಾಕ್ದೆ,” ಅಂದುಬಿಟ್ಟಳು.

ಗಂಡಸರು ತಲೆ ತಗ್ಗಿಸಿದರು. ಒಬ್ಬಿಬ್ಬರು ಹೆಂಗಸರು ಸೆರಗಿನ ಅಂಚು ಹಿಡಿದುಕೊಂಡು ಅಜ್ಜಿಯನ್ನು ನೋಡಿದ ರೀತಿಗೆ ನನಗೆ ಥಟ್ಟನೆ ಹೊಳೆಯಿತು, ಹಾಗೆ ಮಾಡಿದವಳು ಇವಳೊಬ್ಬಳೇ ಅಲ್ಲ.

“ಅತ್ತಿಗಮ್ಮ, ಪ್ರಾರ್ಥನೆ ಮಾಡಿ ಅಂದ್ರೆ ಇದೇನು...”

“ಮಾಡ್ತಾ ಇವ್ನಿ ತಡಿಯಪ್ಪ. ಒಟ್ಗಿರ್ಬೇಕು ಅಂದೆಯಲ್ಲ, ಇರ್ಮ. ಒಟ್ಗಿರೋದು ಬ್ಯಾರೆ, ದೇವ್ರುನ್ನ ಎಲೆಕ್ಷನ್ ಏಜೆಂಟ್ ಮಾಡ್ಕಳದು ಬ್ಯಾರೆ.” ಅವಳು ಮತ್ತೆ ಕಣ್ಣು ಮುಚ್ಚಿದಳು. “ಕರ್ತನೇ, ನಾಗಯ್ಯನ್ನ ಕಾಪಾಡು. ಮಂಗಳಮ್ಮನ್ನ ಕಾಪಾಡು. ಯಾರ್ ಗೆದ್ರೂ ಅವ್ರಿಗೆ ನಿನ್ ಭಯ ಕೊಡು. ಯಾರ್ ಸೋತ್ರೂ ಅವ್ರ ಮನೆ ಒಲೆ ಉರೀಲಿ. ನಮ್ಗೆ ಒಬ್ಬೊಬ್ರಿಗೂ ಒಂದೊಂದು ಕೈ ಕೊಟ್ಟಿದ್ದೀಯ. ಆ ಸೀಲು ಇಡ್ಕಂಡಾಗ ನಮ್ ಬೀದಿ ಒಂದೇ ಅಲ್ಲ, ಪಕ್ಕದ್ ಬೀದೀನೂ ನೆಪ್ಪಾಗ್ಲಿ. ನಿನ್ನೆಸ್ರೇಳ್ಕಂಡು ನಾವು ಓಟು ಕೇಳ್ದಂಗೆ ಮಾಡು. ಸುಳ್ಳು ಆಮೆನ್ ಅಂದಿವ್ನಿ, ಅದುನ್ನ ವಾಪಸ್ ತಕ್ಕೋ. ನನ್ ಕೂಸಿನ ಗುಂಡಿ ಎಲ್ಲದೆ ಅಂತ ನಿಂಗೊತ್ತು. ಗೋಡೆ ಇದ್ರೂ ಗೊತ್ತು, ಇಲ್ದಿದ್ರೂ ಗೊತ್ತು.”

ಮುಗಿಯಿತು. ಯಾರೂ ಆಮೆನ್ ಅನ್ನಲಿಲ್ಲ. ಅನ್ನುವುದಕ್ಕೆ ಮೊದಲು ಏನಕ್ಕೆ ಅನ್ನುತ್ತಿದ್ದೇವೆ ಅಂತ ಆ ಸಭೆ ಯೋಚಿಸಿದ್ದು ಅದೇ ಮೊದಲಿರಬೇಕು.

“ಈಗ ಆಮೆನ್ ಅನ್ಬೇಕಲ್ವ?” ಅಂತ ಮಂಗಳಮ್ಮ ಗಂಡನಿಗೆ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. “ನಾವ್ ಅನ್ಬೋದಾ?”

“ಸುಮ್ಕಿರಮ್ಮಿ, ಅವ್ರು ಅಂದ್ಮ್ಯಾಲೆ,” ಅಂದ ದೊಡ್ಡಮಾದಯ್ಯ.

“ಆಮೆನ್,” ಅಂದಳು ಪಾಪಮ್ಮಜ್ಜಿ. ಎಷ್ಟೋ ಕಾಲ ಎಣ್ಣೆ ಕಾಣದ ಬಾಗಿಲು ತೆರೆದ ಹಾಗಿತ್ತು ಆ ದನಿ. ಅವಳು ಬೀಳಲಿಲ್ಲ. ನಾನು ಅಂದೆ. ಆ ಕಡೆಯಿಂದ ಒಬ್ಬ ಗಂಡಸು, ಈ ಕಡೆಯಿಂದ ಒಬ್ಬ ಹೆಂಗಸು. ಯಾವತ್ತೂ ಒಂದೇ ಏಟಿಗೆ ಹೆಂಚು ಅದುರಿಸುತ್ತಿದ್ದ ಆಮೆನ್ ಆವತ್ತು ಒಬ್ಬೊಬ್ಬರದಾಗಿ, ಚೂರುಚೂರಾಗಿ ಬಿತ್ತು. ದಾನಪ್ಪ ಅನ್ನಲಿಲ್ಲ.

ಆ ಚುನಾವಣೆಯಲ್ಲಿ ನಾಗಯ್ಯನೇ ಗೆದ್ದ. ಅಜ್ಜಿ ಯಾರಿಗೆ ಹಾಕಿದಳೋ ನಾನು ಕೇಳಿದೆ, ಅವಳು ಹೇಳಲಿಲ್ಲ, “ಸೀಕ್ರೇಟು ಕಣ್ ಕೂಸೇ” ಅಂತ ನನಗೇ ತಿರುಗಿಸಿ ಹೇಳಿದಳು. ಗೋಡೆ ಈ ಸಲವೂ ಬರಲಿಲ್ಲ. ಮಳೆಗಾಲಕ್ಕೆ ಮುಂಚೆ ಎರಡೂ ಬೀದಿಯ ಗಂಡಸರು ಸೇರಿಕೊಂಡು, ಬಿದ್ದಿದ್ದ ಆ ಲೋಡು ಕಲ್ಲನ್ನೇ ಹೊತ್ತು ಹೊಲದ ಕಡೆಯ ಅಂಚಿಗೆ ಮಂಡಿಯೆತ್ತರ ಸೊಟ್ಟಗೆ ಪೇರಿಸಿದರು. ಅಷ್ಟು ದಿನ ಅಜ್ಜಿಯ ಜೊತೆ ಮಾತು ಬಿಟ್ಟಿದ್ದ ದಾನಪ್ಪ ಮೊದಲ ಕಲ್ಲು ಹೊತ್ತವನು. ನಾಗಯ್ಯ ಬೈಕಿನಲ್ಲಿ ಬಂದು, “ನನ್ ಕಲ್ಲು ಮುಟ್ಟಿದೋರ್ ಯಾರ್ಲಾ?” ಅಂತ ಕೂಗಿದಾಗ ಮಂಗಳಮ್ಮ ಸೊಂಟಕ್ಕೆ ಕೈ ಕೊಟ್ಟುಕೊಂಡು, “ಮುಂದಿನ್ ಎಲೆಕ್ಷನ್ಗೆ ಬೇಕಾದ್ರೆ ಬಿಚ್ಕಂಡೋಗಿ ಇನ್ನೊಂದೂರಲ್ಲಿ ಸುರ್ಕಳಪ್ಪ,” ಅಂದಳಂತೆ. ಅಯ್ಯೋ, ಆ ದಿನ ನಾನಲ್ಲಿ ಇರಬೇಕಿತ್ತು!

ಮಗುವಿನ ಗುಂಡಿ ಮಾತ್ರ ಸಿಗಲಿಲ್ಲ. ನೇಗಿಲು ಅದನ್ನು ಯಾವತ್ತೋ ದಾಟಿತ್ತು. ಗೋಡೆಯ ಈಚೆಗೋ ಆಚೆಗೋ ಯಾರಿಗೂ ಗೊತ್ತಿಲ್ಲ.

ಕ್ರಿಸ್ಮಸ್ಸಿಗೆ ನಾನು ಮತ್ತೆ ಹೋದಾಗ ಅಜ್ಜಿ ಚರ್ಚಿನಲ್ಲಿ ಬಾಗಿಲ ಪಕ್ಕದ ಚಾಪೆಯಲ್ಲೇ ಕೂತಿದ್ದಳು. ನಾನು ಅವಳ ಪಕ್ಕಕ್ಕೆ ಸರಿದು ಕಿವಿಯಲ್ಲಿ ಕೇಳಿದೆ: “ಅಜ್ಜ ಹೋದರಾ?”

“ಎಲ್ಲಿಗೋಯ್ತರೆ? ಅಲ್ಲೇ ಕುಂತವ್ರೆ,” ಅಂದಳು, ಕಿಟಕಿಯ ಕಡೆ ಗದ್ದ ತೋರಿಸಿ. “ಈಗ ನನ್ ಬಾಯಿ ನೋಡಕಿಲ್ಲ ಅಷ್ಟೇಯ. ಒರ್ಗಡೆ ನೋಡ್ತರೆ, ಗೋಡೆ ಇರೋ ಕಡೆ.”

ಪ್ರಸಂಗ ನಡೆಯುತ್ತಿತ್ತು. ಹೊರಗೆ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ, ತೆರೆದ ಬಾಗಿಲಿನಿಂದ ನನಗೆ ಅಂಗಳ ಪೂರ್ತಿ ಕಾಣುತ್ತಿತ್ತು. ಆದರೂ ಅಜ್ಜಿ ಆ ಕಾಲ ಸದ್ದು ಕೇಳಿಸಿಕೊಂಡವಳ ಹಾಗೆ ಕಿವಿಗೊಟ್ಟಳು. ಕತ್ತು ತಿರುಗಿಸಲಿಲ್ಲ. ಚಾಚಿದ್ದ ಕಾಲನ್ನು ಮೆಲ್ಲಗೆ ಮಡಚಿಕೊಂಡಳು, ಒಳಗೆ ಬರುವವರಿಗೆ ದಾರಿ ಬಿಡುವ ಹಾಗೆ.